ನೆರಿಡಾಳ ಐಸ್‌ಕ್ರೀಮ್ ಡಬ್ಬಿ

ನೆರಿಡಾ ಗ್ಯಾಟ್ಲಿಫ್ ಒಂದು ಕಡೆ ಕೂತದ್ದನ್ನು ನಮ್ಮ ಮಿರ್ರಬೂಲ್‌ನಲ್ಲಿ ನೋಡಿದವರಿಲ್ಲ. ಆಯುಷ್ಯವೆಲ್ಲ ಸ್ಕೂಲ್ ಬಸ್ ಓಡಿಸಿದವಳ ಬಗ್ಗೆ ಹೀಗಂದರೆ ಹೊರಗಿನವರು ನಗುತ್ತಾರೆ, ಡ್ರೈವರ್ ಸೀಟಿನಲ್ಲಿ ಕೂತೇ ಇದ್ದಳಲ್ಲ ಅಂತ. ಆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಗೊತ್ತು, ಅದು ಕೂರುವುದಲ್ಲ. ಕಾಲು ಬ್ರೇಕಿನ ಮೇಲೆ, ಕಣ್ಣು ಕನ್ನಡಿಯ ಮೇಲೆ, ಬಾಯಿ ಕೊನೇ ಸೀಟಿನ ಮೇಲೆ. ಅರ್ಧ ಊರು ಆ ಬೈಗುಳ ಕೇಳಿಯೇ ಬೆಳೆದಿದೆ. ಇವತ್ತಿಗೂ ಮೀಸೆ ಬಂದ ಗಂಡಸರು, ಮಕ್ಕಳ ತಾಯಂದಿರು, ಆಕೆಯನ್ನು ಹೆಸರು ಹಿಡಿದು ಕರೆಯಲಾರರು. ಪ್ರಧಾನಿಯನ್ನೂ ಹೆಸರಿಂದಲೇ ಕೂಗುವ ದೇಶದಲ್ಲಿ ಆಕೆ ಒಬ್ಬಳೇ 'ಮಿಸೆಸ್ ಗ್ಯಾಟ್ಲಿಫ್'.

ನಾನೂ ಆ ಬಸ್ಸಿನವನೇ. ನನಗೆ 'ಗಿಡ್ಡ' ಅಂತ ಹೆಸರಿಟ್ಟವಳೂ ಆಕೆಯೇ. ನಾನು ಬಾಗಿಲಲ್ಲಿ ತಲೆ ತಗ್ಗಿಸದೆ ಯಾವ ಮನೆಗೂ ನುಗ್ಗಲಾರದಷ್ಟು ಉದ್ದ ಇರುವುದರಿಂದ ಉಲ್ಟಾ ಹೆಸರಿಡುವ ನಮ್ಮ ಕಡೆಯ ಪದ್ಧತಿಯ ಪ್ರಕಾರ ಬೇರೆ ಹೆಸರು ಸಾಧ್ಯವಿರಲಿಲ್ಲ. ಈಗ ಮರ್ವ್‌ನ ಮೇವಿನ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಹುಲ್ಲಿನ ಕಟ್ಟು ಹೊರುವುದು, ಕೋಳಿಕಾಳು ತೂಗುವುದು ನನ್ನ ಕೆಲಸ. ಹೋದ ವರ್ಷ ಮರ್ವ್ ಮೂಲೆಯಲ್ಲಿ ಒಂದು ಕಪಾಟು ಇಡಿಸಿ, ಅದರ ತುಂಬ ಸಾಕುಪ್ರಾಣಿಗಳ ಹೊಟ್ಟೆಗೆ ಒಳ್ಳೆಯ ಜೀವಾಣು ತುಂಬುವ ಪ್ರೋಬಯಾಟಿಕ್ ಡಬ್ಬಿಗಳನ್ನು ಜೋಡಿಸಿ, "ಇನ್ನು ಮೇಲೆ ಇದರ ಎಕ್ಸ್‌ಪರ್ಟ್ ನೀನು" ಅಂದ. ಒಂದು ವೀಡಿಯೋ ತೋರಿಸಿದರು. ಅದರ ಮಧ್ಯದಲ್ಲಿ ನನಗೆ ತೂಕಡಿಕೆ ಬಂತು. ಎದ್ದಾಗ ನಾನು ಎಕ್ಸ್‌ಪರ್ಟ್ ಆಗಿದ್ದೆ.

ನೆರಿಡಾ ಬಸ್ ಬಿಟ್ಟ ಮೇಲೆ ಸುಮ್ಮನಾಗಲಿಲ್ಲ. ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಕಾಂಗರೂಗಳ ಹೊಟ್ಟೆಚೀಲದಿಂದ ಬದುಕಿರುವ ಮರಿಗಳನ್ನು ತೆಗೆದು ಸಾಕುವ ಕೆಲಸ ಮೊದಲಿಂದಲೂ ಇತ್ತು, ಈಗ ಅದೇ ಹಗಲೂ ರಾತ್ರಿ. ಆಕೆಯ ಅಡುಗೆಮನೆಯಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ. ಎಲ್ಲ ಕುರ್ಚಿಗಳ ಬೆನ್ನಿಗೂ ಬಟ್ಟೆಯ ಚೀಲ, ಚೀಲದಿಂದ ಹೊರಗೆ ಎರಡು ಕಿವಿ, ಇಲ್ಲವೇ ತಲೆಕೆಳಗಾಗಿ ಒಂದು ಕಾಲು. ಕುರ್ಚಿಗಳ ನಡುವೆ ನೆಲದ ಮೇಲೆ ಸ್ಪಾನರ್.

ಸ್ಪಾನರ್ ಅಂದರೆ ನಾಯಿ. ಕುರಿ ಕಾಯುವ ಜಾತಿ, ಉಳಿದರ್ಧ ಏನೋ ದೇವರಿಗೇ ಗೊತ್ತು. ಮರಿಯಾಗಿದ್ದಾಗ ಬಸ್ಸಿನ ಟೂಲ್ ಬಾಕ್ಸಿನಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಯಾರು ಇಟ್ಟು ಹೋದರೋ ತಿಳಿಯಲಿಲ್ಲ. ನೆರಿಡಾ ಓಡಾಡುತ್ತಾಳೆ, ಸ್ಪಾನರ್ ಮಲಗಿರುತ್ತಾನೆ; ಆ ಮನೆಯ ಸಂಸಾರ ನಡೆಯುವುದೇ ಹಾಗೆ. ತಾಯಿ ಕಳೆದುಕೊಂಡ ಮರಿಗಳು ಮೊದಲ ವಾರ ನಡುಗುತ್ತಲೇ ಇರುತ್ತವೆ, ಹಾಲು ಹೀರುವುದಿಲ್ಲ. ಚೀಲವನ್ನು ಸ್ಪಾನರ್‌ನ ಹೊಟ್ಟೆಗೆ ಒತ್ತಿ ಇಟ್ಟರೆ ನಡುಕ ನಿಲ್ಲುತ್ತದೆ. ಆತ ಒಮ್ಮೆ ನಿಟ್ಟುಸಿರು ಬಿಟ್ಟು, 'ಇನ್ನೊಂದಾ' ಅನ್ನುವಂತೆ ನೋಡಿ, ಕಣ್ಣು ಮುಚ್ಚುತ್ತಾನೆ.

ಈ ಜನವರಿಯಲ್ಲಿ, ನಮ್ಮ ನಡುಬೇಸಿಗೆಯಲ್ಲಿ, ಆ ಹೊಟ್ಟೆಯೇ ಕೆಟ್ಟಿತು.

ಶುರುವಾದದ್ದು ಕಾಲಿನಿಂದ. ಒಣಗಿದ ಹುಲ್ಲಿನ ಮುಳ್ಳುಬೀಜ ಬೆರಳ ಸಂದಿಯಲ್ಲಿ ಹೊಕ್ಕು ಕೀವಾಗಿತ್ತು. ಬೇಸಿಗೆಯಲ್ಲಿ ನಮ್ಮಲ್ಲಿ ಯಾವ ನಾಯಿಗೂ ಇದು ತಪ್ಪಿದ್ದಲ್ಲ. ಪಶುವೈದ್ಯೆ ಬ್ರಿಡಿ ಕೋಯ್ಲ್ ಬೀಜ ಕಿತ್ತು ಆಂಟಿಬಯಾಟಿಕ್ ಕೊಟ್ಟಳು. ಕಾಲು ವಾಸಿಯಾಯಿತು, ಭೇದಿ ಹಿಡಿಯಿತು. ಬ್ರಿಡಿ ಮತ್ತೆ ನೋಡಿ, ಮಾತ್ರೆ ಕೆಟ್ಟದ್ದರ ಜತೆ ಕರುಳಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಗುಡಿಸಿಹಾಕಿರುತ್ತದೆ, ಬೇಯಿಸಿದ ಕೋಳಿ, ಅನ್ನ ಕೊಡಿ, ಲವಲವಿಕೆಯಿಂದ ಇದ್ದಾನಲ್ಲ, ಕಾದು ನೋಡೋಣ ಅಂದಳು.

ನೆರಿಡಾ ಅಲ್ಲಿಂದ ನೇರ ರಸ್ತೆ ದಾಟಿ ನಮ್ಮ ಅಂಗಡಿಗೆ ಬಂದಳು. ಹೊರಗೆ ಬಿಸಿಗಾಳಿ, ತಗಡಿನ ಮಾಡು ಟಕಟಕ ಅನ್ನುತ್ತಿತ್ತು. ಆಕೆ ಕೌಂಟರಿನ ಮುಂದೆ ನಿಲ್ಲಲೂ ಇಲ್ಲ; ಹುಲ್ಲಿನ ಕಟ್ಟುಗಳ ನಡುವೆ ಹೋಗಿ ಬಂದು ಮಾಡುತ್ತಲೇ ಕೇಳಿದಳು.

"ಗಿಡ್ಡ, ಆ ಹುಡುಗಿ ಕಾದು ನೋಡು ಅಂತಾಳೆ. ನನಗೆ ಕಾಯಕ್ಕೂ ಬರಲ್ಲ, ನೋಡಕ್ಕೂ ಬರಲ್ಲ. ಏನಿದೆ ನಿನ್ನ ಹತ್ರ?"

"ಪ್ರೋಬಯಾಟಿಕ್ ಪುಡಿ ಇದೆ, ಮಿಸೆಸ್ ಗ್ಯಾಟ್ಲಿಫ್. ಒಂದು ಚಮಚದಲ್ಲಿ ಕೋಟಿಗಟ್ಟಲೆ ಜೀವಾಣು."

"ಯಾರ್ದು?"

"ಯಾರದು ಅಂದ್ರೆ?"

"ಜೀವಾಣು ಕಣೋ. ಯಾವ ನಾಯಿದು?"

ವೀಡಿಯೋದಲ್ಲಿ ನಾನು ತೂಕಡಿಸಿದ್ದು ಬಹುಶಃ ಈ ಭಾಗದಲ್ಲೇ. "ಫ್ಯಾಕ್ಟರಿದು" ಅಂದೆ.

ಆಕೆ ನಕ್ಕ ನಗೆಗೆ ತೂಕದ ಯಂತ್ರದ ಹತ್ತಿರ ಮಲಗಿದ್ದ ನನ್ನ ನಾಯಿ ಡೊರೀನ್ ತಲೆ ಎತ್ತಿದಳು. "ಫ್ಯಾಕ್ಟರಿಗೆ ಬಾಲ ಇದೆಯೇನೋ? ಈ ಕೆಲಸ ನಾನು ಬಕೆಟ್ಟು, ಸಣ್ಣ ಸಲಿಕೆ ಹಿಡ್ಕೊಂಡು ಮಾಡ್ತಾ ಬಂದಿದೀನಿ, ನೀನು ಹುಟ್ಟೋಕೆ ಮುಂಚಿಂದ."

ಅದು ನಿಜವೇ. ಕಾಂಗರೂ ಮರಿ ತಾಯಿಯ ಚೀಲದಲ್ಲಿ ಬೆಳೆದರೆ ಆಕೆಯ ಬಾಯಿ, ಆಕೆ ಮೇಯುವ ಮಣ್ಣು, ಆಕೆಯ ಹಿಕ್ಕೆ ಎಲ್ಲವನ್ನೂ ನೆಕ್ಕಿ ಹುಲ್ಲು ಅರಗಿಸುವ ಜೀವಾಣುಗಳನ್ನು ಪಡೆಯುತ್ತದೆ. ಅನಾಥ ಮರಿಗೆ ಅದು ಎಲ್ಲಿಂದ ಬರಬೇಕು? ಹಾಗಾಗಿ ಮರಿ ಹುಲ್ಲಿಗೆ ಬಾಯಿ ಹಾಕುವ ಹೊತ್ತಿಗೆ ನೆರಿಡಾ ನಸುಕಿನಲ್ಲಿ ಮಂದೆ ಮೇಯುವ ಕಡೆ ಹೋಗಿ, ಮೈ ಮಿರುಗುವ ಒಂದು ಹೆಣ್ಣನ್ನು ಆರಿಸಿ, ಅದರ ಹಿಂದೆಯೇ ಐಸ್‌ಕ್ರೀಮ್ ಡಬ್ಬಿ ಹಿಡಿದು ನಡೆಯುತ್ತಾಳೆ. ಬಿಸಿ ಆರದ ಹಿಕ್ಕೆ ತಂದು, ಪುಡಿ ಮಾಡಿ, ಹಾಲಿಗೆ ಚಿಟಿಕೆ ಬೆರೆಸುತ್ತಾಳೆ. ಮರಿ ಸಾಕುವ ಆಕೆಯ ಗೆಳತಿಯರಲ್ಲಿ ಇದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಎಳೆಮಗುವಿಗೆ ಜೇನು ನೆಕ್ಕಿಸಿದಷ್ಟೇ ಸಹಜವಾಗಿ ಮಾತಾಡುತ್ತಾರೆ.

ಅಷ್ಟರಲ್ಲಿ ಬ್ರಿಡಿ ತಿಂಡಿಗೆಂದು ಬೇಕರಿಗೆ ಹೋಗುವವಳು ನಮ್ಮ ಬಾಗಿಲಲ್ಲಿ ಇಣುಕಿದಳು. ನೆರಿಡಾಳ ಕೈಯಲ್ಲಿ ಆಕೆಯದೇ ಪರ್ಸಿನಿಂದ ತೆಗೆದ, ಮನುಷ್ಯರು ಅಗಿಯುವ ಪ್ರೋಬಯಾಟಿಕ್ ಮಾತ್ರೆಯ ಡಬ್ಬಿ ಇತ್ತು, ನಮ್ಮ ಡಬ್ಬಿಯ ಪಕ್ಕ ಹಿಡಿದು ಹೋಲಿಸಿ ನೋಡುತ್ತಿದ್ದಳು. ಬ್ರಿಡಿ ಒಂದೇ ಹೆಜ್ಜೆಗೆ ಒಳಗೆ ಬಂದು ಅದನ್ನು ಕಿತ್ತುಕೊಂಡಳು.

"ಮಿಸೆಸ್ ಗ್ಯಾಟ್ಲಿಫ್, ಇದನ್ನ ಕೊಟ್ಟಿಲ್ಲ ತಾನೇ?"

"ಇನ್ನೂ ಇಲ್ಲ. ಯಾಕೆ?"

"ಇದರಲ್ಲಿ ಸಕ್ಕರೆ ಬದಲು ಹಾಕಿರೋ ಸಿಹಿ ಇದೆಯಲ್ಲ, ನಮಗೇನೂ ಆಗಲ್ಲ, ನಾಯಿಗೆ ವಿಷ. ಕೆಲವಕ್ಕೆ ಲಿವರ್ರೇ ಹೋಗತ್ತೆ. ನಾಯಿಗೆ ಅಂತ ಮಾಡಿದ್ದನ್ನೇ ಕೊಡಿ."

"ಹಾಗಾದ್ರೆ ಈ ಗಿಡ್ಡನ ಪುಡಿ ಕೊಡ್ಲಾ?"

"ಕೊಡಿ. ಈ ಥರ ಭೇದಿಗೆ ಒಂದು ದಿನ ಮುಂಚೆ ನಿಲ್ಲಬಹುದು. ನಿಲ್ಲದೇನೂ ಇರಬಹುದು. ತೊಂದ್ರೆ ಅಂತೂ ಇಲ್ಲ, ಆದ್ರೆ ಪವಾಡ ಕೇಳ್ಬೇಡಿ. ಮಂಕಾದ್ರೆ, ವಾಂತಿ ಮಾಡಿದ್ರೆ, ರಕ್ತ ಕಂಡ್ರೆ ಪುಡಿ ಮರೆತು ನನ್ನ ಹತ್ರ ಬನ್ನಿ."

ಬ್ರಿಡಿ ಹೋದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಪವಾಡವನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಮಾತು ಕೊಟ್ಟು ಡಬ್ಬಿ ಮಾರಿದೆ. ತಂಪಲ್ಲಿ ಇಡಿ ಅಂತ ಹೇಳಿದೆನೇ? ಹೇಳಿದ್ದೆ ಅಂತ ನನ್ನ ನಂಬಿಕೆ. ನೆರಿಡಾ ಬಾಗಿಲು ದಾಟಿ ಗಾಡಿ ಹತ್ತುವಾಗ ಕೂಗಿ ಹೇಳಿದ್ದು. ಕೂಗಿದ್ದು ಆಕೆಯ ಯೂಟಿನ ಶಬ್ದಕ್ಕೆ ಕೇಳಿಸಿತೋ ಇಲ್ಲವೋ. ಆ ಯೂಟ್ ಅಂದರೆ ಹಿಂದೆ ಸಾಮಾನು ಹೇರುವ ತೊಟ್ಟಿ, ಮುಂದೆ ಎರಡು ಸೀಟು, ಬಿಸಿಲಿಗೆ ಕಾದ ಕಾವಲಿಯಂಥ ಡ್ಯಾಶ್‌ಬೋರ್ಡು.

ಆದರೆ ಆಕೆ ಹೊರಡದೆ ಮತ್ತೆ ಇಳಿದಳು ಎನ್ನುವುದು ನನಗೆ ಕಿಟಕಿಯಿಂದ ಕಂಡಿತು. ಡೊರೀನ್ ತನ್ನ ಮಧ್ಯಾಹ್ನದ ಕಾರ್ಯಕ್ಕೆಂದು ಗೋದಾಮಿನ ಹಿಂದಕ್ಕೆ ಹೊರಟಿದ್ದಳು. ನೆರಿಡಾ ಐಸ್‌ಕ್ರೀಮ್ ಡಬ್ಬಿ ಹಿಡಿದು ಅವಳ ಹಿಂದೆ ಸದ್ದಿಲ್ಲದೆ ನಡೆಯುತ್ತಿದ್ದಳು. ಎಂಥ ನಾಗರಿಕ ಪ್ರಜ್ಞೆ, ಪರರ ನಾಯಿಯದನ್ನೂ ಎತ್ತುತ್ತಾರಲ್ಲ ಅಂದುಕೊಂಡು ನಾನು ಕೋಳಿಕಾಳಿನ ಕಡೆ ತಿರುಗಿದೆ.

ಎರಡು ಮೂರು ದಿನ ಕಳೆದು ಆಕೆಯ ಫೋನು. "ಗಟ್ಟಿಯಾಯ್ತು ಕಣೋ!"

ಆ ಹೊತ್ತಿನ ನನ್ನ ಎದೆಯುಬ್ಬರ ಬರೆಯಲು ನಾಚಿಕೆಯಾಗುತ್ತದೆ. ಒಂದು ರಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ 'ಸ್ಪಾನರ್ ಮೆಚ್ಚಿದ ಪುಡಿ' ಎಂದು ಬರೆದು ಕಪಾಟಿಗೆ ತೂಗುಹಾಕಿದೆ. ಮರ್ವ್ ಓದಿ, "ನಾಯಿ ಮೆಚ್ಚಿದ್ದು ಹೇಗೆ ಗೊತ್ತು, ಕಾಗದ ಬರೆದಿತ್ತಾ?" ಅಂದ. ಆದರೂ ತೆಗೆಸಲಿಲ್ಲ. ಆ ವಾರ ಊರಿನ ಎಷ್ಟು ಆರೋಗ್ಯವಂತ ನಾಯಿಗಳಿಗೆ ನಾನು ಇಲ್ಲದ ಹೊಟ್ಟೆನೋವು ಕಂಡುಹಿಡಿದೆನೋ! ಸೀನಿದ ಬೆಕ್ಕಿಗೂ ಒಂದು ಡಬ್ಬಿ ಕೊಟ್ಟೆ.

ಮುಂದಿನ ವಾರ ಶನಿವಾರ ಮಧ್ಯಾಹ್ನ, ಅಂಗಡಿಯ ಷಟರ್ ಅರ್ಧ ಇಳಿಸಿದ್ದೆ. ನೆರಿಡಾಳ ಯೂಟ್ ರಸ್ತೆಯ ತಪ್ಪು ಬದಿಯಲ್ಲಿ ಬಂದು ಬ್ರಿಡಿಯ ಆಸ್ಪತ್ರೆಯ ಮುಂದೆ ನಿಂತಿತು. ಅಷ್ಟು ವರ್ಷ ಬಸ್ ಓಡಿಸಿದವಳು ಸುಮ್ಮಸುಮ್ಮನೆ ತಪ್ಪು ಬದಿಯಲ್ಲಿ ನಿಲ್ಲಿಸುವವಳಲ್ಲ. ಓಡಿದೆ.

ಸ್ಪಾನರ್ ಸೀಟಿನ ಮೇಲೆ ಒದ್ದೆ ಗೋಣಿಯಂತೆ ಬಿದ್ದಿದ್ದ. ಭೇದಿ ಮತ್ತೆ ಬಂದಿತ್ತು, ಮೊದಲಿಗಿಂತ ಕೆಟ್ಟದಾಗಿ. ಬೆಳಗಿನಿಂದ ಹೊಟ್ಟೆಯಲ್ಲಿ ನೀರು ನಿಂತಿಲ್ಲ, ಕುಡಿದದ್ದೆಲ್ಲ ವಾಂತಿ. ನನ್ನನ್ನು ಕಂಡರೆ ಬಾಲದ ತುದಿಯನ್ನಾದರೂ ಅಲ್ಲಾಡಿಸುವವನು, ಕಣ್ಣನ್ನೂ ಹೊರಳಿಸಲಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬೀಗ. ಬ್ರಿಡಿ ಗುಡ್ಡದಾಚೆ ಒಂದು ಕುದುರೆಯ ಹೆರಿಗೆಗೆ ಹೋಗಿದ್ದಳು. ಫೋನ್ ಮಾಡಿದರೆ "ಹೊರಟಿದೀನಿ, ನೆರಳಲ್ಲಿ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ" ಅಂದಳು.

ಜಗಲಿಯಲ್ಲಿ ಮಲಗಿಸಿದೆವು. ನಾನು ನನ್ನ ಟೋಪಿಯಿಂದ ಗಾಳಿ ಹಾಕತೊಡಗಿದೆ. ನೆರಿಡಾ ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಹಲಗೆಗಳಲ್ಲಿ ಒಂದು ಸಡಿಲವಾಗಿತ್ತು, ಪ್ರತಿ ಸಲ ಕಿರ್ ಅನ್ನುತ್ತಿತ್ತು. ಆಕೆಯ ಕೊರಳಲ್ಲಿ ನೇತುಬಿದ್ದ ಚೀಲದೊಳಗೆ ಒಂದು ಮರಿ, ಆಕೆಯ ಓಡಾಟಕ್ಕೆ ಗಾಬರಿಯಾಗಿ ಒದೆಯುತ್ತಿತ್ತು.

"ಹಿಡ್ಕೋ ಇದನ್ನ" ಎಂದು ಚೀಲವನ್ನು ನನ್ನ ಕೊರಳಿಗೆ ಹಾಕಿದಳು. "ಅವನ ಹೊಟ್ಟೆ ಹತ್ರ ಇಡಕ್ಕಾಗಲ್ಲ ಈಗ."

ಮರಿ ನನ್ನ ಪಕ್ಕೆಗೆ ಒದೆಯಿತು. ನನ್ನ ಹೊಟ್ಟೆಯ ಬಗ್ಗೆ ಅದಕ್ಕೆ ಯಾವ ನಂಬಿಕೆಯೂ ಇದ್ದಂತಿರಲಿಲ್ಲ.

"ನಿನ್ನ ಪುಡಿ ಕಣೋ ಗಿಡ್ಡ" ಅಂದಳು ನೆರಿಡಾ, ನಿಲ್ಲದೆಯೇ. "ಚೆನ್ನಾಗಾಯ್ತಲ್ಲ ಅಂತ ಇನ್ನೊಂದಿಷ್ಟು ಹಾಕ್ದೆ. ಒಂದು ಚಮಚ ಇದ್ದದ್ದನ್ನ ಎರಡು ಮಾಡ್ದೆ. ಏನಿತ್ತೋ ಅದ್ರಲ್ಲಿ?"

"ಕೋಟಿಗಟ್ಟಲೆ..." ಎಂದು ಶುರುಮಾಡಿ ನಿಲ್ಲಿಸಿದೆ. ಕೋಟಿಗಟ್ಟಲೆ ಏನು ಅನ್ನುವುದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಎದುರುಗಡೆ ನಮ್ಮ ಅಂಗಡಿಯ ಕಿಟಕಿಯಲ್ಲಿ, ಅರ್ಧ ಇಳಿದ ಷಟರಿನ ಕೆಳಗೆ, 'ಸ್ಪಾನರ್ ಮೆಚ್ಚಿದ ಪುಡಿ' ಕಾಣುತ್ತಿತ್ತು. ಹೋಗಿ ಕಿತ್ತುಬರೋಣವೆನ್ನಿಸಿತು. ಕೊರಳಲ್ಲಿ ಕಾಂಗರೂ, ಕೈಯಲ್ಲಿ ಟೋಪಿ, ಏಳಲಾರದೆ ಕೂತೆ. ಸೀನಿದ ಆ ಬೆಕ್ಕು ಈಗ ಏನಾಗಿರಬಹುದು?

ಮರ್ವ್ ಬಂದು ನಿಂತ. ನಾಯಿಯನ್ನು ನೋಡಿದ, ನನ್ನನ್ನು ನೋಡಿದ. "ಆ ಪುಡಿಯಿಂದ ಹೀಗಾಗಿದ್ರೆ..." ಎಂದ.

"ಬಾಯಿ ಮುಚ್ಚು ಮರ್ವಿನ್" ಅಂದಳು ನೆರಿಡಾ. ಅವನೂ ಆ ಬಸ್ಸಿನವನೇ. ಮುಚ್ಚಿದ.

ಬ್ರಿಡಿ ಬಂದಾಗ ಮೊಣಕೈವರೆಗೆ ಕುದುರೆಯ ಹೆರಿಗೆ ಮೆತ್ತಿಕೊಂಡೇ ಇತ್ತು. ಕೈ ತೊಳೆದು, ಸ್ಪಾನರ್‌ನ ಒಸಡು ಒತ್ತಿ ನೋಡಿ, ಕತ್ತಿನ ಚರ್ಮ ಎತ್ತಿ ಬಿಟ್ಟಳು. ಎತ್ತಿದ ಚರ್ಮ ಮಡಿಕೆಯಾಗಿಯೇ ನಿಂತಿತು. ಕೂಡಲೇ ಮುಂಗಾಲಿಗೆ ಸೂಜಿ ಚುಚ್ಚಿ ಸಲೈನ್ ಹಾಕಿದಳು. ಕೈ ತನ್ನ ಕೆಲಸ ಮಾಡುತ್ತಿತ್ತು, ಬಾಯಿ ಪ್ರಶ್ನೆ ಕೇಳುತ್ತಿತ್ತು.

"ಏನೇನು ಕೊಟ್ರಿ?"

"ಕೋಳಿ, ಅನ್ನ, ಇವನ ಪುಡಿ."

"ಪುಡಿ ಎಲ್ಲಿ?"

ನಾನು ಯೂಟಿಗೆ ಓಡಿ ಡ್ಯಾಶ್‌ಬೋರ್ಡ್ ಮೇಲಿದ್ದ ಡಬ್ಬಿ ಎತ್ತಿದೆ. ಬೆರಳು ಸುಟ್ಟು ಕೆಳಗೆ ಬೀಳಿಸಿದೆ. ಅಂಗಿಯ ತುದಿಯಲ್ಲಿ ಹಿಡಿದು ತಂದೆ.

ಬ್ರಿಡಿ ಅದನ್ನು ಮುಟ್ಟಿ, ನೆರಿಡಾಳ ಮುಖ ನೋಡಿದಳು. "ಇದು ಇಷ್ಟು ದಿನಾನೂ ಅಲ್ಲೇ ಇತ್ತಾ? ಬಿಸಿಲಲ್ಲಿ?"

"ಮರೆಯಬಾರದಲ್ಲ ಅಂತ ಕಣ್ಣೆದುರಿಗೆ ಇಟ್ಟಿದ್ದೆ."

"ಹಾಗಾದ್ರೆ ಇದು ಪುಡಿ ಅಲ್ಲ, ತಿಥಿ. ಬಹುಪಾಲು ಜೀವಾಣು ಅಲ್ಲೇ ಬೆಂದು ಸತ್ತಿರ್ತವೆ. ಇದು ಅವನಿಗೆ ಒಳ್ಳೇದೂ ಮಾಡಿಲ್ಲ, ಕೆಟ್ಟದ್ದೂ ಮಾಡಿಲ್ಲ."

"ಮತ್ತೆ ಹೋದ ವಾರ ವಾಸಿ ಆಯ್ತಲ್ಲ?" ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

"ಕೋಳಿ, ಅನ್ನ, ಮೂರು ದಿನ. ತಾನಾಗೇ ಆಯ್ತು."

ತಪ್ಪಿತಸ್ಥನಲ್ಲ ಅಂತ ಬಿಡುಗಡೆಯಾದವನು ಅದೇ ಬಾಗಿಲಲ್ಲಿ ಕೆಲಸಕ್ಕೆ ಬಾರದವನೆಂದೂ ಹೇಳಿಸಿಕೊಂಡರೆ ಹೇಗಿರುತ್ತದೋ ಹಾಗಿತ್ತು ನನಗೆ.

ಬ್ರಿಡಿ ಸ್ಪಾನರ್‌ನ ಭೇದಿಯ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ನೆರಿಡಾ ಆ ಸಣ್ಣ ಕೋಣೆಯಲ್ಲೂ ಸುತ್ತುತ್ತಿದ್ದಳು; ಗೋಡೆಗೆ ಹೋಗಿ ತಿರುಗುವುದು, ಮೇಜಿಗೆ ಬಂದು ತಿರುಗುವುದು.

"ಇಲ್ಲಿ ಏನೋ ಈಜಾಡ್ತಿದೆ" ಅಂದಳು ಬ್ರಿಡಿ. "ಜಿಯಾರ್ಡಿಯಾ. ಕರುಳಿಗೆ ಅಂಟೋ ಪರಾವಲಂಬಿ. ಕೆಟ್ಟ ನೀರಿಂದ ಬರತ್ತೆ, ಬೇರೆ ಪ್ರಾಣಿಯ ಹೇಲಿಂದ ಬರತ್ತೆ. ಇವನು ಹೊಂಡದ ನೀರು ಕುಡಿದ್ನಾ?"

"ಇಲ್ಲ. ಕಾಲಿಗೆ ಬ್ಯಾಂಡೇಜ್ ಹಾಕಿದ ದಿನದಿಂದ ಅಡುಗೆಮನೆ ಬಿಟ್ಟು ಕದಲಿಲ್ಲ. ಟ್ಯಾಂಕಿನ ನೀರು, ನಾನು ಕುಡಿಯೋದೇ."

"ಬೇರೆ ನಾಯಿ ಬಂದಿತ್ತಾ? ಬೇರೆ ಏನಾದ್ರೂ ಬಾಯಿಗೆ ಹೋಯ್ತಾ?"

"ಇಲ್ಲ ಅಂದ್ನಲ್ಲ."

ಆಗ ನನ್ನ ಕಣ್ಣಮುಂದೆ ಗೋದಾಮಿನ ಹಿಂದೆ ಸದ್ದಿಲ್ಲದೆ ನಡೆಯುತ್ತಿದ್ದ ನಾಗರಿಕ ಪ್ರಜ್ಞೆ ಬಂತು.

"ಮಿಸೆಸ್ ಗ್ಯಾಟ್ಲಿಫ್, ಆವತ್ತು ಡೊರೀನ್ ಹಿಂದೆ ಹೋಗಿ ಡಬ್ಬೀಲಿ ತುಂಬ್ಕೊಂಡ್ರಲ್ಲ, ಅದನ್ನ ಎಲ್ಲಿ ಬಿಸಾಕಿದ್ರಿ?"

"ಬಿಸಾಕೋದಾ?" ಆಕೆಗೆ ನಿಜವಾಗಿ ಅರ್ಥವಾಗಲಿಲ್ಲ. "ಯಾಕೆ ಬಿಸಾಕ್ಲಿ? ಕೋಳಿಸಾರಲ್ಲಿ ಕಲಸಿ ಕೊಟ್ಟೆ. ಚಿಟಿಕೆಯಷ್ಟೇ."

ಬ್ರಿಡಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದಳು.

"ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?" ಅಂದಳು ಬ್ರಿಡಿ, ಮೆಲ್ಲಗೆ.

"ನೀನು ಕೇಳಿದ್ದು ಏನು ಕೊಟ್ರಿ, ಬೇರೆ ಏನು ಹೋಯ್ತು ಅಂತ. ಅದು ಕೊಡೋದಾ? ಎಲ್ಲ ಮರಿಗೂ ಹಾಕ್ತೀನಲ್ಲ, ಅದೇ. ಫ್ಯಾಕ್ಟರೀದು ಯಾಕೆ, ತನ್ನ ಜಾತೀದು ಇರುವಾಗ ಅಂತ. ಕಾಂಗರೂಗೆ ಕಾಂಗರೂದು, ನಾಯಿಗೆ ನಾಯೀದು." ಆಕೆ ನನ್ನ ಕಡೆ ತಿರುಗಿದಳು. "ನಿನ್ನ ನಾಯಿ ಮೈ ಹೇಗೆ ಹೊಳೀತಿತ್ತು ನೋಡಿದ್ಯಾ? ಆರಿಸಿ ತಗೊಂಡೆ ಕಣೋ!"

ಡೊರೀನ್‌ಳ ಮೈ ಹೊಳೆಯುವುದಕ್ಕೆ ಕಾರಣ ಆಕೆ ಈ ಸೀಮೆಯ ಒಂದು ಹೊಂಡವನ್ನೂ ಬಿಡದೆ ಈಜುವುದು, ಅದರ ನೀರನ್ನೇ ಕುಡಿಯುವುದು. ಈ ಮಾತನ್ನು ನಾನು ಹೇಳಬೇಕಾಗಲಿಲ್ಲ. ನನ್ನ ಹಿಂದೆಯೇ ಬಂದು ಜಗಲಿಯಲ್ಲಿ ಕಾದಿದ್ದ ಡೊರೀನ್ ಆ ಹೊತ್ತಿಗೇ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಸಾಕ್ಷ್ಯ ಒದಗಿಸಿದಳು. ಬ್ರಿಡಿ ಅದರದೊಂದು ಹನಿ ತಂದು ನೋಡಿ, ನನ್ನನ್ನು ಕರೆದು ತೋರಿಸಿದಳು. ಎಲೆ ಉದುರಿದ ಹಾಗೆ ತೊನೆಯುತ್ತಾ ಏನೇನೋ ತೇಲಾಡುತ್ತಿದ್ದವು. ಕೋಟಿಗಟ್ಟಲೆ ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

"ಗಟ್ಟಿ ನಾಯಿಗೆ ಇದು ಇದ್ರೂ ಏನೂ ಆಗದೆ ಇರಬಹುದು" ಅಂದಳು ಬ್ರಿಡಿ. "ವಯಸ್ಸಾಗಿ, ಮಾತ್ರೆಯಿಂದ ಕರುಳು ಬರಿದಾಗಿರೋನಿಗೆ ಹೀಗೆ. ಮಿಸೆಸ್ ಗ್ಯಾಟ್ಲಿಫ್, ನಿಮ್ಮ ಯೋಚನೆ ಹುಚ್ಚಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ನಾವೂ ಮಾಡ್ತೀವಿ, ಆರೋಗ್ಯವಾಗಿರೋ ನಾಯೀದನ್ನ ಕಾಯಿಲೆ ನಾಯಿಗೆ. ಆದ್ರೆ ಕೊಡೋ ನಾಯೀನ ಮೊದಲು ಎಲ್ಲ ಪರೀಕ್ಷೆ ಮಾಡ್ತೀವಿ. ಮೈ ಹೊಳಪು ನೋಡಿ ಅಲ್ಲ. ಆ ಡಬ್ಬಿಯ ಪುಡಿ ಇರೋದೇ ಅದಕ್ಕೆ. ಮಾಡೋದು ಸ್ವಲ್ಪವೇ ಇರಬಹುದು, ಆದ್ರೆ ಒಳಗೆ ಏನಿದೆ ಅಂತ ಹೆಚ್ಚುಕಮ್ಮಿ ಗೊತ್ತಿರತ್ತೆ."

ನೆರಿಡಾ ಗೋಡೆಗೆ ಹೋದವಳು ತಿರುಗಲಿಲ್ಲ. ಗೋಡೆಗೆ ಮುಖ ಮಾಡಿಯೇ ಕೇಳಿದಳು. "ಉಳೀತಾನಾ?"

"ಒಣಗಿಹೋಗಿದಾನೆ. ಮೂತ್ರಪಿಂಡಕ್ಕೆ ಏಟು ಬಿದ್ದಿದೆಯಾ ಅಂತ ಇವತ್ತು ಗೊತ್ತಾಗಲ್ಲ. ಔಷಧಿ ಶುರು ಮಾಡ್ತೀನಿ. ಕಾದು..."

"ಹೇಳ್ಬೇಡ" ಅಂದಳು ನೆರಿಡಾ. "ಆ ಮಾತು ಹೇಳ್ಬೇಡ ಬ್ರಿಡಿ. ಕೀತ್‌ಗೂ ಅದೇ ಹೇಳಿದ್ರು. ಕಾದು ನೋಡಿ ಅಂತ. ಆಸ್ಪತ್ರೆಯ ಆ ಪ್ಲಾಸ್ಟಿಕ್ ಕುರ್ಚೀಲಿ ಕೂತು ಕಾದೆ. ನೋಡ್ದೆ. ಅಷ್ಟೇ ಆಗಿದ್ದು."

ಕೀತ್ ಆಕೆಯ ಗಂಡ, ಬಸ್ಸಿನ ಕಾಲಕ್ಕೂ ಮುಂಚೆ ತೀರಿಕೊಂಡವನು. ಅವನಿಗೆ ಆಗ ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲವೆಂದು ಊರಿಗೆಲ್ಲ ಗೊತ್ತು, ಆಕೆಗೂ ಗೊತ್ತು. ಆದರೆ ಗೊತ್ತಿರುವುದರಿಂದ ಕಾಲು ನಿಲ್ಲುವುದಿಲ್ಲ. ಬಸ್ಸು, ಮರಿ, ಡಬ್ಬಿ, ಹಿಕ್ಕೆ, ಕುರ್ಚಿಯಿಲ್ಲದ ಅಡುಗೆಮನೆ, ಎಲ್ಲ ಆ ಒಂದು ಕುರ್ಚಿಯಿಂದ ಎದ್ದು ಹೊರಟ ನಡಿಗೆಯೇ ಇರಬೇಕೆಂದು ನನಗೆ ಆಗ ಅನ್ನಿಸಿತು. ನನ್ನ ಕೊರಳಿನ ಮರಿ ಕೂಡ ಒದೆಯುವುದನ್ನು ನಿಲ್ಲಿಸಿತ್ತು.

ಬ್ರಿಡಿ ಸಲೈನಿನ ಹನಿಯ ವೇಗ ಸರಿಮಾಡಿದಳು. ಆಮೇಲೆ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಕಲಿತ ದನಿಯಲ್ಲಿ, ಅಂದರೆ ನೆರಿಡಾಳದೇ ದನಿಯಲ್ಲಿ ಹೇಳಿದಳು: "ಕಾಯೋದು ನನ್ನ ಕೆಲಸ, ಅದನ್ನ ನಾನು ಮಾಡ್ತೀನಿ. ನಿಮಗೆ ಬೇರೆ ಕೆಲಸ ಇದೆ. ಅಡುಗೆಮನೆ ನೆಲ, ಅವನ ಬಟ್ಟಲು, ಹಾಸಿಗೆ, ಎಲ್ಲ ಕುದಿಯೋ ನೀರಲ್ಲಿ ತೊಳೀಬೇಕು. ಇಲ್ಲಾಂದ್ರೆ ವಾಸಿಯಾಗಿ ಬಂದೋನಿಗೆ ಮತ್ತೆ ಹತ್ತತ್ತೆ. ಮರಿಗಳ ಚೀಲಾನೂ. ಒಂದು ಮೂಲೆ ಬಿಡಬಾರದು. ಏಳಿ, ಹೊರಡಿ!"

ಏಳಿ ಎನ್ನಬೇಕಾದ ಅಗತ್ಯವೇ ಇರಲಿಲ್ಲ. ಆಕೆ ಆಗಲೇ ಬಾಗಿಲಲ್ಲಿದ್ದಳು. "ಗಿಡ್ಡ, ಬಾ. ನಿನ್ನ ನಾಯಿ ಮಾಡಿದ್ದು, ನೀನು ಉಜ್ಜು."

ಉಜ್ಜಿದೆ. ಶನಿವಾರ ಉಳಿದ ಹೊತ್ತೆಲ್ಲ, ಭಾನುವಾರ ಇಡೀ. ಕೆಟಲಿನ ಮೇಲೆ ಕೆಟಲ್. ಹೊರಗಿನ ಸೆಕೆಗೆ ಒಳಗಿನ ಹಬೆ ಸೇರಿ ಆ ಅಡುಗೆಮನೆ ಇಡ್ಲಿಪಾತ್ರೆಯಂತಾಗಿತ್ತು. ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ ಬಿಸಿಲಿಗಿಟ್ಟೆವು. ನಾನು ಮೊಣಕಾಲೂರಿ ನೆಲ ಉಜ್ಜುತ್ತಿದ್ದರೆ ಆಕೆ ಮೇಲೆ ನಿಂತು, "ಆ ಮೂಲೆ. ಬಸ್ಸಲ್ಲೂ ನೀನು ಮೂಲೇಲೇ ಚ್ಯೂಯಿಂಗ್ ಗಮ್ ಅಂಟಿಸ್ತಿದ್ದೆ" ಅನ್ನುತ್ತಿದ್ದಳು. ಫೋನು ಸದ್ದಾದರೆ ಇಬ್ಬರೂ ಬೆಚ್ಚುತ್ತಿದ್ದೆವು. ಒಂದು ಸಲ ಮರ್ವ್, ಬೀಗದ ಕೈ ಎಲ್ಲಿ ಅಂತ. ಇನ್ನೊಂದು ಸಲ ಯಾರೋ ಸೌರವಿದ್ಯುತ್ ಮಾರುವವನು. ಅವನಿಗೆ ಆಕೆ ಹೇಳಿದ್ದನ್ನು ಕೇಳಿ ನಾನು ಬ್ರಷ್ಷಿನಿಂದ ಇನ್ನೂ ಜೋರಾಗಿ ಉಜ್ಜಿದೆ.

ಭಾನುವಾರ ಸಂಜೆ ಬ್ರಿಡಿಯ ಫೋನು ಬಂತು. ನೆರಿಡಾ ಕೇಳಿಸಿಕೊಂಡಳು, ಏನೂ ಹೇಳದೆ ಇಟ್ಟಳು.

"ಏನಂತೆ?"

"ಉಚ್ಚೆ ಹೊಯ್ದನಂತೆ."

ನನಗೆ ಗೊತ್ತಾಗಲಿಲ್ಲ. ಮೂತ್ರಪಿಂಡ ಕೆಲಸ ಮಾಡ್ತಿದೆ ಅಂತ ಕಣೋ ದಡ್ಡ, ಅಂದಳು. ಅಂದು ತೊಳೆದಿದ್ದ ನೆಲವನ್ನೇ ಮತ್ತೆ ತೊಳೆಯಲು ಬಕೆಟ್ ಎತ್ತಿಕೊಂಡಳು.

ಸ್ಪಾನರ್ ಮನೆಗೆ ಬಂದದ್ದು ಆ ವಾರದ ಕೊನೆಗೆ, ಪಕ್ಕೆಲುಬು ಎಣಿಸುವಂತಾಗಿ. ಜತೆಗೆ ಮಾತ್ರೆ, ಮಾತ್ರೆ ಮುಗಿದ ಮೇಲೆ ಹಾಕಲು ಹೊಸ ಡಬ್ಬಿ ಪ್ರೋಬಯಾಟಿಕ್. ಬ್ರಿಡಿಯೇ ಬರೆದುಕೊಟ್ಟಿದ್ದಳು. "ಉಪಯೋಗ ಆಗತ್ತಾ?" ಅಂತ ನಾನು ಈ ಸಲ ಮಾರುವವನಾಗಿ ಅಲ್ಲ, ಕೇಳುವವನಾಗಿ ಕೇಳಿದೆ. "ಆಗಬಹುದು. ಒಂದು ನಾಯಿ ನೋಡಿ ಹೇಳಕ್ಕಾಗಲ್ಲ. ಹೊಟ್ಟೆ ಚೆನ್ನಾಗಿರೋ ನಾಯಿಗಂತೂ ಸುಮ್ನೆ ಖರ್ಚು. ಆಮೇಲೆ ತೀರಾ ಕಾಯಿಲೆ ಇರೋ ಪ್ರಾಣಿಗೆ ನನ್ನ ಕೇಳದೆ ಮಾರ್ಬೇಡ" ಅಂದಳು. ನಾನು ಹೋಗಿ ರಟ್ಟು ಇಳಿಸಿದೆ. ಈಗ ಅಲ್ಲಿ ಇನ್ನೊಂದು ಇದೆ: 'ಫ್ರಿಜ್ಜಿನಲ್ಲಿಡಿ. ಬ್ರಿಡಿಯನ್ನು ಕೇಳಿ.' ವ್ಯಾಪಾರ ಅರ್ಧಕ್ಕಿಳಿಯಿತು. ಸೀನಿದ ಬೆಕ್ಕು ಆರೋಗ್ಯವಾಗಿದೆ, ಅದು ಮೊದಲೂ ಆರೋಗ್ಯವಾಗಿಯೇ ಇತ್ತು. ಡೊರೀನ್‌ಗೂ ಮಾತ್ರೆ ನುಂಗಿಸಿದೆ. ಆಕೆ ನನ್ನನ್ನು ಕ್ಷಮಿಸಿಲ್ಲ. ಹೊಂಡಗಳ ಬದಲು ಪ್ಲಾಸ್ಟಿಕ್ ತೊಟ್ಟಿ ತಂದಿಟ್ಟರೆ ಅದರೊಳಗೆ ಮಲಗಿ ನನ್ನತ್ತ ಬೆನ್ನು ತಿರುಗಿಸುತ್ತಾಳೆ.

ನಿನ್ನೆ ಮಧ್ಯಾಹ್ನ ಕೌಂಟರಿನ ಹಿಂದೆ ಮಾಂಸದ ಪೈ ತಿನ್ನುತ್ತಿದ್ದೆ. ನೆರಿಡಾ ದಢದಢ ಬಂದು ಐಸ್‌ಕ್ರೀಮ್ ಡಬ್ಬಿಯನ್ನು ನನ್ನ ಪೈಯ ಪಕ್ಕದಲ್ಲಿ ಕುಕ್ಕಿದಳು. ಮುಚ್ಚಳ ತೆಗೆದಳು.

"ನೋಡು."

ನೋಡಿದೆ.

"ಗಟ್ಟಿ" ಅಂದಳು.

"ಗಟ್ಟಿ" ಅಂದೆ. ನಿಜವಾಗಿಯೂ ಒಳ್ಳೆಯ ಆಕಾರ, ಒಳ್ಳೆಯ ಬಣ್ಣ. ಮರ್ವ್ ಕನ್ನಡಕ ಏರಿಸಿಕೊಂಡು ಬಂದ. ಕೋಳಿಕಾಳಿಗೆ ಬಂದಿದ್ದ ಒಬ್ಬ ಮುದುಕನೂ ಬಗ್ಗಿದ. ನಾವು ಮೂವರು ಗಂಡಸರು ತೊಟ್ಟಿಲಿಗೆ ಇಣುಕಿದವರಂತೆ ಆ ಡಬ್ಬಿಯೊಳಗೆ ಇಣುಕಿ ನಿಂತೆವು. "ಚೆನ್ನಾಗಿದೆ" ಅಂದ ಮುದುಕ, ಯಾರದು ಅಂತ ಕೇಳದೆಯೇ.

"ಇದನ್ನ ಯಾರಿಗೂ ತಿನ್ನಿಸೋದಿಲ್ಲ ತಾನೇ, ಮಿಸೆಸ್ ಗ್ಯಾಟ್ಲಿಫ್?" ಅಂದೆ.

"ಬ್ರಿಡಿ ಹತ್ರ ತಗೊಂಡು ಹೋಗ್ತಿದೀನಿ ಕಣೋ, ಪರೀಕ್ಷೆಗೆ. ದಾರೀಲಿ ನಿಂಗೆ ತೋರಿಸೋಣ ಅಂತ."

ಮುಚ್ಚಳ ಹಾಕಿದಳು. ಆಮೇಲೆ, ನಾನು ನೋಡನೋಡುತ್ತಿದ್ದಂತೆ, ಹಿಂದಿದ್ದ ಹುಲ್ಲಿನ ಕಟ್ಟಿನ ಮೇಲೆ ಕೂತಳು. ಡಬ್ಬಿ ತೊಡೆಯ ಮೇಲೆ, ಎರಡೂ ಕೈ ಡಬ್ಬಿಯ ಮೇಲೆ. ಮರ್ವ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹೊರಗೆ ಯೂಟಿನ ಕಿಟಕಿಯಿಂದ ಸ್ಪಾನರ್‌ನ ತಲೆ ಕಾಣುತ್ತಿತ್ತು. ಅವನ ಗದ್ದದ ಕೆಳಗೆ ಚೀಲ, ಚೀಲದಿಂದ ಎರಡು ಕಿವಿ.

"ಏನು ನೋಡ್ತೀಯಾ" ಅಂದಳು. "ಪೈ ಆರತ್ತೆ, ತಿನ್ನು."

ನಾನು ಒಂದು ತುತ್ತು ಕಚ್ಚುವಷ್ಟರಲ್ಲಿ ಎದ್ದು ಹೋಗಿದ್ದಳು.